ಆ ಗೋಡೆಯತ್ತ ತಿರುಗಿದರೆ ಕತ್ತಲೆ

ಮತ್ತೆ ಪರದೆ ಕಪ್ಪಾಯಿತು. ಅದೇ ಜಾಗದಲ್ಲಿ.

ಮೇಜಿನ ಕೆಳಗಿದ್ದ ಪೆಟ್ಟಿಗೆಯಲ್ಲಿ ಫ್ಯಾನು ಏದುಸಿರು ಬಿಡುವಂತೆ ಜೋರಾಗಿ ತಿರುಗಿ, ಒಮ್ಮೆ ಬಿಕ್ಕಿ, ನಿಂತಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ತಾನಾಗಿಯೇ ಹೊಸದಾಗಿ ಶುರುವಾಯಿತು.

"ನೋಡಿದ್ರಾ ಅಂಕಲ್?" ಗುಬ್ಬಿ ಮೌಸಿನಿಂದ ಕೈ ತೆಗೆದಳು. "ಹಜಾರ, ಅಡುಗೆಮನೆ, ಮೆಟ್ಟಿಲು, ಎಲ್ಲಾ ಕಡೆ ಸಲೀಸಾಗಿ ಓಡಾಡುತ್ತೆ. ಮಲಗೋ ಕೋಣೆಗೆ ಹೋಗಿ ಹಿಂದಿನ ಗೋಡೆ ಕಡೆ ತಿರುಗಿದ್ವೋ, ಮುಗೀತು."

ಮಾವ ನೋಡಿದ್ದರು. ನೋಡುವುದೇ ಅವರ ಕಸುಬಾಗಿತ್ತು. ಪೊಲೀಸು ಇಲಾಖೆಯ ಪತ್ತೇದಾರಿಕೆಯಲ್ಲಿ ತಲೆ ನರೆಸಿಕೊಂಡು ನಿವೃತ್ತರಾದವರು, ಇನ್ನು ಯಾರ ಸಾವಿನ ಬೆನ್ನೂ ಹತ್ತುವುದಿಲ್ಲ ಎಂದುಕೊಂಡಿದ್ದರು. ಈಗ ಸ್ವಂತ ತಂಗಿಯ ಮಗಳ ಸಾವಿನ ಬೆನ್ನು ಹತ್ತಿ, ಅವಳು ಕೆಲಸ ಮಾಡುತ್ತಿದ್ದ ಕೋಣೆಯಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತಿದ್ದರು.

ದುರಸ್ತಿಗೆಂದು ಕಂಬಿ ಕಿತ್ತುಹಾಕಿದ್ದ ಹಳೇ ಮುದ್ರಣಾಲಯದ ಮೆಟ್ಟಿಲ ಮೇಲಿಂದ, ಅಳತೆ ತೆಗೆಯಲು ಹೋದವಳು ಕಾಲು ಜಾರಿ ಬಿದ್ದಳು. ಠಾಣೆಯವರು ಇಷ್ಟು ಬರೆದು ಕೈ ತೊಳೆದುಕೊಂಡಿದ್ದರು. ತಂಗಿ ಮಾತ್ರ ಒಪ್ಪಿರಲಿಲ್ಲ. "ಅಣ್ಣ, ನೀನೇ ನೋಡು" ಎಂದವಳು ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಂತೆ ಕೂತುಬಿಟ್ಟಿದ್ದಳು.

ಹುಡುಗಿಯನ್ನು ಮಾವ ಬೊಗಸೆ ಎಂದು ಕರೆಯುತ್ತಿದ್ದರು. ತೊಟ್ಟಿಲಲ್ಲಿದ್ದಾಗ ಅವಳ ಕಣ್ಣು ನೋಡಿ ಇಟ್ಟ ಹೆಸರು. ದೊಡ್ಡವಳಾಗಿ, ಜನರ ಮನೆಗಳ ಒಳಾಂಗಣವನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವ ಕೆಲಸ ಹಿಡಿದು, ಮದುವೆಯಾಗಿ ಈ ಮನೆಗೆ ಬಂದ ಮೇಲೂ ಅದೇ ಹೆಸರು ಉಳಿದಿತ್ತು. ಅವಳ ಜೊತೆ ಅದೇ ಕಚೇರಿಗೆ ದುಡಿಯುತ್ತಿದ್ದ ಗೆಳತಿಗೆ ಗುಬ್ಬಿ ಅಂತ ಹೆಸರಿಟ್ಟವಳೂ ಅವಳೇ. "ಕೂತಲ್ಲಿ ಕೂರಲ್ಲ, ಅದಕ್ಕೆ" ಎನ್ನುತ್ತಿದ್ದಳಂತೆ.

ಇವತ್ತು ಬೆಳಿಗ್ಗೆಯಿಂದ ಗುಬ್ಬಿ ಕೂತಲ್ಲಿಂದ ಎದ್ದಿರಲಿಲ್ಲ.

"ಯಂತ್ರದ್ದೇ ದೋಷ ಇರಬಾರದು ಯಾಕೆ?" ಎಂದರು ಮಾವ. "ವಯಸ್ಸಾಗಿರಬಹುದು. ನನ್ನ ಮಂಡಿ ಹಾಗೆ."

ಗುಬ್ಬಿ ನಗಲು ಹೋಗಿ ಅರ್ಧಕ್ಕೇ ಬಿಟ್ಟಳು. "ಮೊದಲು ನಾನೂ ಹಾಗೇ ಅಂದ್ಕೊಂಡೆ. ಪೆಟ್ಟಿಗೆ ಬಿಚ್ಚಿ ಧೂಳು ಊದಿದೆ. ಚಿತ್ರ ಬಿಡಿಸೋ ಕೆಲಸ ಈ ಕಾರ್ಡಿಂದು, ಗ್ರಾಫಿಕ್ಸ್ ಕಾರ್ಡ್. ಅದನ್ನ ಕಿತ್ತು, ಒರೆಸಿ, ಮತ್ತೆ ಕೂರಿಸಿದೆ. ಕರೆಂಟಿನ ವೈರು ಸಡಿಲ ಇದೆಯಾ ನೋಡಿದೆ. ಅದನ್ನ ನಡೆಸೋ ಡ್ರೈವರ್ ಪೂರ್ತಿ ಅಳಿಸಿ ಹೊಸದು ಹಾಕಿದೆ, ಆಮೇಲೆ ಹಳೇದು ಹಾಕಿ ನೋಡಿದೆ. ಏನು ಮಾಡಿದ್ರೂ ಅದೇ ರಾಗ."

"ಬಿಸಿ?"

"ಬಿಸೀನೂ ಇಲ್ಲ. ಇದಕ್ಕಿಂತ ಭಾರದ ನನ್ನ ಡ್ರಾಯಿಂಗ್ ತಂದು ಗಂಟೆಗಟ್ಟಲೆ ಓಡಿಸಿದೆ. ಮಿಸುಕಾಡ್ಲಿಲ್ಲ. ಅವಳದೇ ಬೇರೆ ಫೈಲುಗಳೂ ಸರಿಯಾಗಿವೆ. ಕಂಪ್ಯೂಟರ್ ಗಟ್ಟಿಮುಟ್ಟಾಗಿದೆ ಅಂಕಲ್. ರೋಗ ಇರೋದು ಈ ಒಂದು ಮನೆಯಲ್ಲಿ."

ಈ ಒಂದು ಮನೆ ಅಂದರೆ ಬೊಗಸೆ ಕೊನೆಯದಾಗಿ ಬಿಡಿಸುತ್ತಿದ್ದ ಮನೆ. ಯಾರೋ ಗಿರಾಕಿಯದು, ಇನ್ನೂ ಪಾಯವೂ ಎದ್ದಿರಲಿಲ್ಲ. ಪರದೆಯ ಮೇಲೆ ಮಾತ್ರ ಅದರ ಹಜಾರದಲ್ಲಿ ಬಿಸಿಲು ಬಿದ್ದಿತ್ತು, ಸೋಫಾದ ಮೇಲೆ ದಿಂಬುಗಳಿದ್ದವು, ಅಡುಗೆಮನೆಯ ಕಪಾಟಿನ ಬಾಗಿಲೊಂದು ಅರೆ ತೆರೆದಿತ್ತು. ಇರುವವರು ಈಗಷ್ಟೇ ಎದ್ದು ಪಕ್ಕಕ್ಕೆ ಹೋದಂತಿತ್ತು.

ಮಾವ ಆ ಅರೆ ತೆರೆದ ಬಾಗಿಲನ್ನು ನೋಡಲಾರದೆ ಮೇಜಿನತ್ತ ತಿರುಗಿದರು. ಅಲ್ಲಿ ಅವಳ ತಲೆಗೂದಲ ಕ್ಲಿಪ್ಪಿತ್ತು. ತಳದಲ್ಲಿ ಟೀ ಒಣಗಿ ಕಲೆಯಾಗಿದ್ದ ಲೋಟವಿತ್ತು. ತೊಳೆದಿಡಲು ಯಾರಿಗೂ ಕೈ ಬಂದಿರಲಿಲ್ಲ.

ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ತಂಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಾಳೆ ಎಂದು ಮಾವನಿಗೆ ಗೊತ್ತಿತ್ತು.

"ಗುಬ್ಬಿ, ಈ ಗೋಡೆ ಆಚೆ ಏನಿದೆ?"

"ಏನೂ ಇಲ್ಲ. ಮನೆ ಅಲ್ಲಿಗೆ ಮುಗಿಯುತ್ತೆ. ಆಚೆ ಬರೀ ಬಯಲು."

"ಬಯಲು ನೋಡಿದ್ರೆ ಕಂಪ್ಯೂಟರ್ ಯಾಕೆ ಹೆದರುತ್ತೆ?"

ಗುಬ್ಬಿ ಅವರ ಮುಖ ನೋಡಿದಳು. ಮತ್ತೆ ಕೀಲಿಮಣೆಗೆ ಕೈ ಹಾಕಿದಳು. ಈ ಸಲ ಅವಳು ಮನೆಯನ್ನು ಬಣ್ಣದಲ್ಲಿ ತೆರೆಯಲಿಲ್ಲ. "ಬಣ್ಣ, ಬೆಳಕು, ನೆರಳು ಎಲ್ಲಾ ಆರಿಸ್ತೀನಿ. ಬರೀ ಗೆರೆ ಇರ್ಲಿ. ಕಾರ್ಡಿಗೆ ಹೊರೆ ಇಳಿಯುತ್ತೆ" ಎಂದಳು.

ಮನೆ ಗೆರೆಯ ಗೂಡಾಯಿತು. ಬಿಸಿಲು ಹೋಯಿತು, ದಿಂಬುಗಳ ಮೆದುತನ ಹೋಯಿತು. ಕಡ್ಡಿ ಜೋಡಿಸಿ ಕಟ್ಟಿದ ಪಂಜರದ ಹಾಗೆ ಗೋಡೆಯ ಹಿಂದೆ ಗೋಡೆ, ಅದರ ಹಿಂದೆ ಇನ್ನೊಂದು ಎಲ್ಲವೂ ಪಾರದರ್ಶಕವಾಗಿ ಕಂಡವು. ಗುಬ್ಬಿ ಮಲಗುವ ಕೋಣೆಗೆ ಹೋಗಿ ನಿಧಾನವಾಗಿ ಹಿಂದಿನ ಗೋಡೆಯತ್ತ ತಿರುಗಿಸಿದಳು.

ಪರದೆ ನಡುಗಿತು. ಒಂದು ಕ್ಷಣ ಗಡಿಯಾರ ನಿಂತಂತೆ ನಿಂತಿತು. ಆದರೆ ಆರಲಿಲ್ಲ.

ಗೋಡೆಯ ಆಚೆ ಬಯಲಿರಲಿಲ್ಲ. ಗೆರೆಗಳು ಇರುವೆ ಮುತ್ತಿದಂತೆ ಒಂದರ ಮೇಲೊಂದು ಕವಿದು, ಶಾಯಿ ಚೆಲ್ಲಿದ ಹಾಗೆ ಕರ್ರಗೆ ಗಡ್ಡೆಗಟ್ಟಿದ್ದ ಒಂದು ವಸ್ತುವಿತ್ತು.

"ಇದೇನೇ ಇದು?" ಎಂದು ಗುಬ್ಬಿ ಪಿಸುಗುಟ್ಟಿದಳು. ಕೇಳಿದ್ದು ಮಾವನನ್ನಲ್ಲ, ಇಲ್ಲದ ಗೆಳತಿಯನ್ನು.

ಅವಳು ಪಕ್ಕದ ಪಟ್ಟಿಯನ್ನು ತೆರೆದಳು. ಡ್ರಾಯಿಂಗಿನಲ್ಲಿ ಒಂದೊಂದು ಬಗೆಯ ಸಾಮಾನನ್ನು ಒಂದೊಂದು ಪದರದಲ್ಲಿ ಇಡುತ್ತಾರೆ, ಗೋಡೆಗೊಂದು, ದೀಪಕ್ಕೊಂದು, ನಲ್ಲಿಗೊಂದು. ಬೇಡದ ಪದರವನ್ನು ಕಾಣದಂತೆ ಆರಿಸಿಡಬಹುದು ಎಂದು ಗುಬ್ಬಿ ಬಿಡಿಸಿ ಹೇಳಿದಳು. ಆ ಕರಿ ಗಡ್ಡೆ ಇದ್ದ ಪದರಕ್ಕೆ ಬೊಗಸೆ ಇಟ್ಟಿದ್ದ ಹೆಸರು 'ಕಸ'.

"ಕಸ ಅಂದ್ರೆ ಯಾರೂ ತೆಗೆದು ನೋಡಲ್ಲ" ಎಂದರು ಮಾವ.

"ಇದು ಫೋನಿಂದ ತೆಗೆದ ಸ್ಕ್ಯಾನು ಅಂಕಲ್. ಫೋನ್ ಹಿಡ್ಕೊಂಡು ಒಂದು ಜಾಗದ ಸುತ್ತ ತಿರುಗಿದ್ರೆ ಜಾಗ ಇದ್ದ ಹಾಗೇ ಬರುತ್ತೆ, ಗೋಡೆ ಸಿಪ್ಪೆ ಎದ್ದಿರೋದೂ ಬಿಡಲ್ಲ. ಅದಕ್ಕೇ ಇಷ್ಟು ಭಾರ. ಇದನ್ನ ಎತ್ತೋಕೆ ಹೋಗಿ ಕಾರ್ಡು ಸೊಂಟ ಮುರ್ಕೊಳ್ತಾ ಇದೆ." ಅವಳ ಬೆರಳು ಪಟ್ಟಿಯ ಮೇಲೆ ನಿಂತಿತು. "ಆದ್ರೆ ಒಂದು ಸರಿಹೋಗ್ತಿಲ್ಲ. ಇದನ್ನ ಅವಳು ಆರಿಸಿಯೇ ಇಟ್ಟಿರಬೇಕು. ಇಲ್ಲದಿದ್ರೆ ಅವಳಿಗೇ ಕೆಲಸ ಮಾಡೋಕಾಗ್ತಿರ್ಲಿಲ್ಲ."

"ಈಗ ಉರೀತಾ ಇದೆ."

"ಇದೊಂದೇ ಅಲ್ಲ, ಎಲ್ಲಾನೂ. ವೈರು, ಪೈಪು, ಅವಳು ಬೇಡ ಅಂತ ಬಿಟ್ಟ ಕುರ್ಚಿಗಳು. ಯಾರೋ 'ಎಲ್ಲವನ್ನೂ ತೋರಿಸು' ಅಂತ ಒತ್ತಿದ್ದಾರೆ. ಫೈಲು ತನ್ನಷ್ಟಕ್ಕೆ ಉಳಿಸ್ಕೊಂಡಿದೆ. ನಾವು ಕೆಲಸ ಮಾಡೋರು ಯಾರೂ ಹಾಗೆ ಒತ್ತಲ್ಲ."

ಮಾವ ಆ ಮಾತನ್ನು ಗಂಟು ಹಾಕಿಕೊಂಡರು. ಅವರಿಗೆ ನೆನಪಾದದ್ದು ಅಳಿಯನ ಮಾತು. ಬೊಗಸೆಯ ಗಂಡನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಸಾವಿನ ವಾರವೇ ಅವನು ಗುಜರಿಯವನನ್ನು ಕರೆಸಿದ್ದ. "ಆ ಡಬ್ಬಾ ಕೆಟ್ಟುಹೋಗಿದೆ, ನಾನು ಮುಟ್ಟಿಯೂ ಇಲ್ಲ, ತಗೊಂಡು ಹೋಗ್ಲಿ" ಎಂದಿದ್ದ. ತಂಗಿ ಅಡ್ಡ ನಿಂತು ಉಳಿಸಿಕೊಂಡಿದ್ದಳು. ಮುಟ್ಟಿಯೇ ಇಲ್ಲದವನಿಗೆ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು?

ಅವರು ಹೊರಗೆ ಹೋಗಿ ಅಳಿಯನಿಗೆ ಫೋನು ಮಾಡಿದರು. "ಊಟಕ್ಕೆ ಅಂಗಡಿ ಮುಚ್ಚಿದಾಗ ಒಂದು ಗಳಿಗೆ ಬಂದು ಹೋಗಪ್ಪ" ಎಂದಷ್ಟೇ ಹೇಳಿದರು.

ಒಳಗೆ ಬಂದಾಗ ಗುಬ್ಬಿ ಆ ಗಡ್ಡೆಯನ್ನು ಮನೆಯಿಂದ ಬೇರ್ಪಡಿಸಿ ಸಣ್ಣ ಸಣ್ಣ ಗೆರೆಗಳನ್ನು ಜರಡಿ ಹಿಡಿದಂತೆ ಉದುರಿಸುತ್ತಿದ್ದಳು. ಚಿತ್ರ ಒರಟಾದರೂ ಪರವಾಗಿಲ್ಲ, ಕಾರ್ಡಿಗೆ ಎತ್ತಲು ಸಾಧ್ಯವಾದರೆ ಸಾಕು. ಎಷ್ಟೋ ಹೊತ್ತಿನ ಮೇಲೆ ಬಣ್ಣ ತುಂಬಿಕೊಂಡಿತು.

ಅದೊಂದು ಕೋಣೆ.

ಕಿರಿದಾದ ಮಂಚ, ಅದರ ಮೇಲೆ ನೀಲಿ ಹೊದಿಕೆ. ಗೋಡೆಗೊರಗಿಸಿದ ಮಡಚುವ ಮೇಜು. ಒಂದು ಕುಂಡದಲ್ಲಿ ಈಗಷ್ಟೇ ನೆಟ್ಟಂತಿದ್ದ ಗಿಡ. ಮೊಳೆಗೆ ತೂಗುಹಾಕಿದ ಹಳದಿ ಮಳೆಕೋಟು. ಸ್ಕ್ಯಾನಿಗೆ ಸಿಗದ ಕಡೆ ಗೋಡೆಯಲ್ಲಿ ತೂತುಗಳು ಬಿದ್ದಿದ್ದವು, ಸೂರಿನ ಒಂದು ಮೂಲೆ ಹರಿದ ಬಟ್ಟೆಯಂತೆ ಜೋತಿತ್ತು. ಎತ್ತರದಲ್ಲಿ ಒಂದು ಗುಂಡು ಕಿಟಕಿ.

"ಆ ಕೋಟು ನಂದು" ಎಂದಳು ಗುಬ್ಬಿ. "ನಾನು ಕೊಟ್ಟಿದ್ದು. ಮಳೆಗಾಲದಲ್ಲಿ." ಅವಳು ಪರದೆಗೆ ಇನ್ನೂ ಹತ್ತಿರ ಬಾಗಿದಳು. "ಇಂಥ ಕೋಣೆ ಇದೆ ಅಂತ ನನಗೂ ಹೇಳಿಲ್ಲ, ನೋಡಿ."

ಮಾವ ಗುಂಡು ಕಿಟಕಿಯನ್ನೇ ನೋಡುತ್ತಿದ್ದರು. ಮುದ್ರಣಾಲಯದ ಅಂಗಳದಲ್ಲಿ, ಅವಳು ಬಿದ್ದಿದ್ದ ಜಾಗದ ಪಕ್ಕ ನಿಂತು ಅವರು ಎಷ್ಟು ಸಲ ಕತ್ತೆತ್ತಿ ಆ ಕಿಟಕಿ ನೋಡಿರಲಿಲ್ಲ? ತುದಿಯ ಅಂತಸ್ತಿನ ಬಾಗಿಲಿಗೆ ಬೀಗ ಬಿದ್ದಿತ್ತು. ಗುಜರಿ ತುಂಬಿಟ್ಟ ಕೋಣೆ ಇರಬೇಕೆಂದು ಠಾಣೆಯವರು ಅಂದುಕೊಂಡಿದ್ದರು. ಇವರೂ ಹಾಗೇ ಅಂದುಕೊಂಡು ಇಳಿದು ಬಂದಿದ್ದರು.

"ಅವಳು ಅಳತೆ ತೆಗೆಯೋಕೆ ಹೋಗಿರ್ಲಿಲ್ಲ ಗುಬ್ಬಿ."

"ಮತ್ತೆ?"

"ಮನೆಗೆ ಹೋಗ್ತಿದ್ಳು."

ಗುಬ್ಬಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮಾವ ಅವಳ ಬೆನ್ನ ಮೇಲೆ ಕೈ ಇಡಲು ಹೋಗಿ, ಇಡಲಾರದೆ, ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಗಂಡನ ಮನೆಯಲ್ಲಿ ಇದ್ದುಕೊಂಡೇ ಬೇರೊಂದು ಮನೆ ಹೂಡುತ್ತಿದ್ದ ಹುಡುಗಿ. ಹೊದಿಕೆ ಒಂದು ದಿನ, ಗಿಡ ಒಂದು ದಿನ. ಕೈಯಲ್ಲಿ ಹಿಡಿದುಕೊಂಡು ಬರಲಾಗದ್ದನ್ನು ಫೋನಿನಲ್ಲಿ ತುಂಬಿಕೊಂಡು ಬಂದು, ಇನ್ನೊಬ್ಬರ ಮನೆಯ ಗೋಡೆಯ ಹಿಂದೆ ಬಚ್ಚಿಟ್ಟಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಆ ಪದರವನ್ನು ಬೆಳಗಿಸಿ, ಮೇಜನ್ನು ಎಲ್ಲಿಡಲಿ ಎಂದು ಲೆಕ್ಕ ಹಾಕುತ್ತಿದ್ದಳೋ ಏನೋ.

"ಅಂಕಲ್, ಮಂಚದ ತುದಿ ನೋಡಿ."

ಅಲ್ಲೊಂದು ಮಸುಕಿತ್ತು. ಎದೆಮಟ್ಟದವರೆಗೆ ಮನುಷ್ಯರ ಆಕಾರ, ಮೇಲೆ ಕಲಸಿದ ಬೂದು ಬಣ್ಣ. ಮುಖವಿರಬೇಕಾದ ಕಡೆ ನೀರು ಚಿಮುಕಿಸಿದ ಚಿತ್ರದಂತೆ ಎಲ್ಲವೂ ಹರಿದುಹೋಗಿತ್ತು.

"ಸ್ಕ್ಯಾನ್ ಮಾಡೋವಾಗ ಯಾರೋ ಕೂತಿದ್ರು. ಅಲುಗಾಡಿದವರು ಹೀಗೆ ಕಲಸಿ ಹೋಗ್ತಾರೆ" ಎಂದಳು ಗುಬ್ಬಿ.

ಹೊರಬಾಗಿಲು ಸದ್ದಾಯಿತು.

ಅಳಿಯ ಬಂದು ಕೋಣೆಯ ಹೊಸ್ತಿಲಲ್ಲಿ ನಿಂತ. ಎತ್ತರದ ಆಳು, ಈಚೆಗೆ ಅಂಗಿ ಮೈಮೇಲೆ ತೂಗುಬಿಟ್ಟಂತೆ ಸೊರಗಿದ್ದ. ಅವನ ಕೈಯಿಂದ ಗಾಜು ಒರೆಸುವ ಔಷಧಿಯ ವಾಸನೆ ಬರುತ್ತಿತ್ತು. ಮಾವ ಪರದೆಗೆ ಅಡ್ಡವಾಗಿ ತಿರುಗಿ ಕೂತರು.

"ಕೂತ್ಕೊಳಪ್ಪ."

"ಪರವಾಗಿಲ್ಲ ಮಾವ. ಅಂಗಡಿ ಹುಡುಗನ ಕೈಲಿ ಬಿಟ್ಟು ಬಂದಿದ್ದೀನಿ."

"ಈ ಕಂಪ್ಯೂಟರನ್ನ ಮುಟ್ಟಿಲ್ಲ ಅಂದಿದ್ದೆ ಅಲ್ವಾ?"

"ನನಗೆ ಅದರ ತಲೆಬುಡ ಗೊತ್ತಿಲ್ಲ."

"ಅವಳು ಹೋದ ಮೇಲೂ ಮುಟ್ಟಿಲ್ವಾ?"

"ಇಲ್ಲ."

"ಯಾರೋ 'ಎಲ್ಲವನ್ನೂ ತೋರಿಸು' ಅಂತ ಒತ್ತಿದ್ದಾರೆ. ತಲೆಬುಡ ಗೊತ್ತಿದ್ದವರು ಹಾಗೆ ಒತ್ತಲ್ಲವಂತೆ. ಗೊತ್ತಿಲ್ಲದವರೇ ಒತ್ತೋದು."

ಅಳಿಯನ ಮುಖ ಕಪ್ಪಿಟ್ಟಿತು. ಮಾವ ಅವಸರ ಮಾಡಲಿಲ್ಲ. ಸುಳ್ಳು ಹೇಳಿದವನಿಗೆ ಮೌನದಷ್ಟು ಭಾರವಾದದ್ದು ಇನ್ನೊಂದಿಲ್ಲವೆಂದು ಕಸುಬು ಅವರಿಗೆ ಕಲಿಸಿತ್ತು.

"ಒಂದೇ ಸಲ" ಎಂದ ಅವನು ಕೊನೆಗೆ. "ಎಲ್ಲರೂ ಅವಳನ್ನ ಕಳಿಸಿ ಬಂದು, ನೆಂಟರೆಲ್ಲ ಹೋದ ಮೇಲೆ. ನನ್ನ ಜೊತೆ ಅವಳು ಮಾತು ಕಡಿಮೆ ಮಾಡಿದ್ಳು ಮಾವ. ಆದ್ರೆ ಈ ಕೋಣೇಲಿ ಒಬ್ಬಳೇ ಕೂತು ನಗ್ತಿದ್ಳು. ಹೊರಗೆ ನಿಂತು ಕೇಳಿಸ್ಕೊಂಡಿದ್ದೀನಿ. ಏನು ನೋಡಿ ನಗ್ತಿದ್ಳು ಅಂತ ತಿಳೀಬೇಕಿತ್ತು."

"ಅದಕ್ಕೆ ಎಲ್ಲಾ ತೆಗೆದೆ."

"ತೆಗೆದೆ. ಅವಳು ಬಿಡಿಸಿದ್ದ ಮನೆ ಒಳಗೆ ಓಡಾಡಿದೆ. ಚೆನ್ನಾಗಿತ್ತು. ಮಲಗೋ ಕೋಣೆಗೆ ಹೋದ ತಕ್ಷಣ ಕತ್ತಲಾಯ್ತು. ಬಾಗಿಲು ಮುಖದ ಮೇಲೆ ಹಾಕಿದ ಹಾಗೆ." ಅವನು ಗೋಡೆಗೆ ಒರಗಿದ. "ಹೆದರಿಕೆ ಆಯ್ತು. ಮನೇಲಿ ಇದು ಇರೋದೇ ಬೇಡ ಅನ್ನಿಸ್ತು."

"ಅವಳು ಮಾತು ಕಡಿಮೆ ಮಾಡಿದ್ದು ಯಾಕೆ?"

ಅಳಿಯ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

"ಕೈ ಎತ್ತುತ್ತಿದ್ಯಾ?"

"ಇಲ್ಲ" ಎಂದ ಅವನು ಬೇಗನೆ. ಆಮೇಲೆ ನೆಲ ನೋಡಿದ. "ಫೋನ್ ನೋಡ್ತಿದ್ದೆ. ಬ್ಯಾಗ್ ನೋಡ್ತಿದ್ದೆ. ಎಲ್ಲಿಗೆ ಹೋದೆ, ಯಾಕೆ ತಡ ಅಂತ ಕೇಳ್ತಿದ್ದೆ. ಒಂದೆರಡು ಸಲ... ಹೊರಗಿಂದ ಬೀಗ ಹಾಕ್ಕೊಂಡು ಅಂಗಡಿಗೆ ಹೋದೆ."

ಗುಬ್ಬಿಯ ಕುರ್ಚಿ ಕಿರುಗುಟ್ಟಿತು. "ಬೀಗದ ಕೈ ಕಳೆದುಹೋಗಿದೆ, ಇವತ್ತು ಆಫೀಸಿಗೆ ಬರೋಕಾಗಲ್ಲ ಅಂತ ಫೋನ್ ಮಾಡಿದ್ಳು" ಎಂದಳು ಅವಳು. ಅವಳ ದನಿ ಸಣ್ಣಗಿತ್ತು. "ನಾನು ನಕ್ಕಿದ್ದೆ. ಎಷ್ಟು ಸಲ ಕಳ್ಕೊಳ್ತೀಯೇ ಅಂತ."

ಅಡುಗೆಮನೆಯ ಪಾತ್ರೆಯ ಸದ್ದು ನಿಂತಿತ್ತು.

ಮಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಮದುವೆಯಾದ ಹೊಸದರಲ್ಲಿ ಈ ಹುಡುಗನೇ ಅವರ ಕಣ್ಣು ಪರೀಕ್ಷೆ ಮಾಡಿ, ಕನ್ನಡಕದ ಕಡ್ಡಿಯನ್ನು ಕಿವಿಗೆ ನೋಯದ ಹಾಗೆ ಬಗ್ಗಿಸಿ ಕೊಟ್ಟಿದ್ದ. ಎಷ್ಟು ಮೆತ್ತಗಿನ ಕೈ ಎಂದು ತಾವೇ ತಂಗಿಗೆ ಹೇಳಿದ್ದರು.

"ಆ ಸಂಜೆ ಎಲ್ಲಿದ್ದೆ?"

"ಅಂಗಡೀಲಿ. ಆಗಲೇ ಹೇಳಿದ್ದೀನಲ್ಲ."

"ಇದನ್ನ ನೋಡು."

ಅವರು ಪಕ್ಕಕ್ಕೆ ಸರಿದರು. ಪರದೆಯ ಮೇಲೆ ಕೋಣೆ ಮೆಲ್ಲಗೆ ಮಿನುಗುತ್ತ ನಿಂತಿತ್ತು. ಅಳಿಯ ಎರಡು ಹೆಜ್ಜೆ ಒಳಗೆ ಬಂದ. ಅವನ ಕಣ್ಣು ಹೊದಿಕೆಯ ಮೇಲೆ, ಗಿಡದ ಮೇಲೆ, ಕಿಟಕಿಯ ಮೇಲೆ ಹರಿದು ಮಂಚದ ತುದಿಗೆ ಬಂದು ಸಿಕ್ಕಿಕೊಂಡಿತು.

ಇದು ಯಾವ ಕೋಣೆ ಎಂದು ಅವನು ಕೇಳಲಿಲ್ಲ. ಎಲ್ಲಿದೆ ಎಂದೂ ಕೇಳಲಿಲ್ಲ.

"ಯಾರದು?" ಎಂದ.

ದನಿ ಬದಲಾಗಿತ್ತು. ಅಷ್ಟು ಹೊತ್ತೂ ಕುಗ್ಗಿ ನಿಂತಿದ್ದವನ ಬೆನ್ನು ನೆಟ್ಟಗಾಗಿತ್ತು, ದವಡೆ ಬಿಗಿದಿತ್ತು. "ಮಂಚದ ಮೇಲೆ ಕೂತಿರೋನು ಯಾರು?"

ಬೊಗಸೆ ದಿನಾ ಸಂಜೆ ಬಾಗಿಲು ತೆರೆದು ಕೇಳುತ್ತಿದ್ದ ದನಿ ಇದೇ ಇರಬೇಕು ಎಂದು ಮಾವನಿಗೆ ಅನ್ನಿಸಿತು. ಹೆಂಡತಿ ತೀರಿಹೋದ ಮೇಲೂ ಅದು ಹೋಗಿರಲಿಲ್ಲ.

"ಅದು ನಾನು."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ತಂಗಿ ನಿಂತಿದ್ದಳು. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳುವುದು ಅವಳಿಗೆ ಮರೆತುಹೋಗಿತ್ತು.

"ಸುಮ್ಮನೆ ಕೂತಿರಮ್ಮ, ಅಲ್ಲಾಡಬೇಡ ಅಂದ್ಳು. ನನಗೆ ಕೂರೋಕಾಗ್ಲಿಲ್ಲ. ಅಳು ಬಂದುಬಿಡ್ತು" ಎಂದಳು ಅವಳು ಪರದೆಯನ್ನು ನೋಡುತ್ತಲೇ. "ಹೊದಿಕೆ ನಾನೇ ಕೊಡಿಸಿದ್ದು. ಅವಳು ಹಸಿರು ಬೇಕು ಅಂದ್ಳು, ಅಂಗಡೀಲಿ ಇರ್ಲಿಲ್ಲ."

ಮಾವ ಸ್ಟೂಲಿನಿಂದ ಎದ್ದರು. ಇಷ್ಟು ದಿನ ಮುದ್ರಣಾಲಯದ ಮೆಟ್ಟಿಲು ಹತ್ತಿ ಇಳಿದು ಬಂದಾಗಲೆಲ್ಲ ಇವಳೇ ನೀರು ತಂದುಕೊಟ್ಟು "ಏನಾದ್ರೂ ಸಿಕ್ತಾ ಅಣ್ಣ?" ಎಂದು ಕೇಳಿದ್ದಳು. ಸಿಗಬೇಕಾದದ್ದು ಇವಳ ಹೊಟ್ಟೆಯಲ್ಲೇ ಇತ್ತು.

"ನಿನಗೆ ಗೊತ್ತಿತ್ತು" ಎಂದರು. ಬೈಯಲು ಹೋದ ಮಾತು ಬರೀ ದಣಿವಾಗಿ ಹೊರಬಂತು. "ಯಾಕಮ್ಮ ಹೇಳಲಿಲ್ಲ?"

"ಯಾರಿಗೂ ಹೇಳಬೇಡ ಅಂತ ಅವಳು ಮಾತು ತಗೊಂಡಿದ್ಳು. ಇನ್ನೊಂದು ಕೀ ನನ್ನ ಕೈಲಿ ಕೊಟ್ಟಿದ್ಳು, ನಿನಗೆ ಬೇಕಾದಾಗ ಬಾ ಅಂತ."

"ಅವಳು ಹೋದ ಮೇಲೆ ಯಾರ ಮಾತು ಉಳಿಸ್ಕೋಬೇಕಿತ್ತು?"

ತಂಗಿ ಒದ್ದೆ ಕೈಗಳನ್ನು ಒಂದರೊಳಗೊಂದು ಹಿಸುಕಿಕೊಂಡಳು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಳು.

"ಮಾತು ಉಳಿಸ್ಕೊಳ್ಳಲಿಲ್ಲ ಅಣ್ಣ. ಅದೇ ಆಗಿದ್ದು. ಅವಳು ಮಾತಾಡ್ತಿಲ್ಲ ಅಂತ ಇವನು ಅಂಗಡೀಲಿ ಊಟ ಬಿಟ್ಟು ಕೂತಿದ್ದಾನೆ ಅಂತ ಕೇಳಿದೆ. ಕರುಳು ಕಿತ್ತುಬಂತು. ಗಂಡ ಹೆಂಡ್ತಿ ಎದುರುಬದುರು ಕೂತು ಮಾತಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಎಲ್ಲರ ಮನೇಲೂ ಇರೋದೇ ಅಂದ್ಕೊಂಡೆ. ಬೀಗ ಹಾಕ್ತಿದ್ದ ಅಂತ ಅವಳು ನನಗೆ ಹೇಳಿರ್ಲಿಲ್ಲ." ಅವಳು ಉಸಿರು ಎಳೆದುಕೊಂಡಳು. "ಅಂಗಡಿಗೆ ಹೋಗಿ ಆ ಕೀ ಇವನ ಕೈಗೆ ಕೊಟ್ಟೆ. ಎಲ್ಲಿ ಅಂತಾನೂ ಹೇಳಿದೆ."

"ಯಾವತ್ತು?"

"ಅವತ್ತೇ. ಅವಳು ಬಿದ್ಳಲ್ಲ, ಅವತ್ತು ಮಧ್ಯಾಹ್ನ."

ಗುಬ್ಬಿ ಎದ್ದು ನಿಂತಳು. ತಂಗಿ ಮುಂದುವರಿಸಿದಳು. ಇಷ್ಟು ದಿನ ತಡೆದದ್ದು ಈಗ ತಡೆಯುವ ಹಾಗಿರಲಿಲ್ಲ. "ನೀನೇ ಕಂಡುಹಿಡಿ ಅಂತ ನಿನ್ನ ಕಾಲು ಹಿಡಿದೆ. ನೀನು ಕಂಡುಹಿಡಿದ್ರೆ ನಾನು ಹೇಳೋದು ಬೇಕಾಗಲ್ಲ ಅಂದ್ಕೊಂಡೆ. ನನ್ನ ಮಗಳು ಎಲ್ಲಿಗೆ ಹೋಗ್ತಾಳೆ ಅಂತ ನಾನೇ ತೋರಿಸಿಕೊಟ್ಟೆ ಅಂತ ಯಾವ ಬಾಯಲ್ಲಿ ಹೇಳಲಿ?"

ಮಾವ ಅಳಿಯನತ್ತ ತಿರುಗಿದರು. ಓಡಬಹುದೇನೋ ಎಂದುಕೊಂಡಿದ್ದರು. ಅವನು ಓಡಲಿಲ್ಲ. ಪರದೆಯ ಮೇಲಿನ ಮಸುಕನ್ನೂ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದ. ಅವನ ದವಡೆ ಸಡಿಲಾಗಿತ್ತು. ಕಣ್ಣಿಂದ ನೀರು ಇಳಿಯುತ್ತಿದ್ದುದು ಅವನಿಗೇ ಗೊತ್ತಿದ್ದಂತಿರಲಿಲ್ಲ.

"ನೀವಾ ಅತ್ತೆ?" ಎಂದ. "ಅಲ್ಲಿ ಕೂತಿದ್ದು ನೀವಾ?"

"ಮತ್ತೆ ಯಾರಿರಬೇಕಿತ್ತು?" ಎಂದಳು ತಂಗಿ.

ಅವನು ಜೇಬಿಗೆ ಕೈ ಹಾಕಿ, ಅಂಗಡಿಯ ಕೀಗೊಂಚಲಿನಿಂದ ಒಂದು ಕೀಯನ್ನು ಬಿಡಿಸಿದ. ಅದನ್ನು ಬೊಗಸೆಯ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಅಂಗಡೀಲಿ ಇದ್ದೆ ಅಂದಿದ್ದು ಸುಳ್ಳು ಮಾವ. ಹೋಗಿದ್ದೆ. ಆದ್ರೆ ಈ ಕೀ ಬಳಸ್ಲಿಲ್ಲ."

"ಬಾಗಿಲು ತೆಗೆದಿತ್ತಾ?"

"ಅಲ್ಲೀವರೆಗೆ ಹೋಗ್ಲೇ ಇಲ್ಲ." ಅವನು ಗೋಡೆಗುಂಟ ಜಾರಿ ನೆಲದ ಮೇಲೆ ಕೂತ. "ನಾನು ಅಂಗಳಕ್ಕೆ ಹೋಗೋ ಹೊತ್ತಿಗೆ ಅವಳು ಕೆಳಗಿದ್ಳು. ಕೆಲಸದವರೆಲ್ಲ ಹೋಗಿದ್ರು. ಕೈ ಹಿಡಿದು ನೋಡಿದೆ. ಬಿಸಿ ಇತ್ತು ಮಾವ, ಇನ್ನೂ ಬಿಸಿ ಇತ್ತು. ಕರೆದೆ. ಅವಳು ನೋಡ್ಲಿಲ್ಲ."

ತಂಗಿ ಬಾಯಿಗೆ ಕೈ ಒತ್ತಿಕೊಂಡಳು.

"ಮತ್ತೆ ಯಾಕೆ ಬಿಟ್ಟು ಓಡಿಬಂದೆ?" ಮಾವನ ದನಿ ಅವರಿಗೇ ಕೇಳಿಸದಷ್ಟು ಕೆಳಗಿತ್ತು. "ಯಾರನ್ನಾದ್ರೂ ಕೂಗಬಹುದಿತ್ತಲ್ಲ?"

"ಕೂಗ್ಬೇಕು ಅಂತ ಕತ್ತೆತ್ತಿದೆ. ಆಗ ಮೇಲೆ, ತುದಿಯ ಅಂತಸ್ತಿನಲ್ಲಿ, ಬಾಗಿಲು ಹಾಕಿದ ಸದ್ದಾಯ್ತು. ಆಮೇಲೆ ಒಳಗಿಂದ ಚಿಲಕ ಹಾಕಿದ ಸದ್ದು."

ಫ್ಯಾನು ಸದ್ದು ಮಾಡುತ್ತ ತಿರುಗುತ್ತಿತ್ತು. ಮಾವ ಆ ಕೀಯನ್ನು ಕೈಗೆತ್ತಿಕೊಂಡರು.

"ಖಾಲಿ ಕಟ್ಟಡ. ಗಾಳಿಗೆ ಬಡಿದಿರಬೇಕು" ಎಂದರು.

ಅಳಿಯ ತಲೆ ಎತ್ತಿದ.

"ಗಾಳಿಗೆ ಬಾಗಿಲು ಹಾಕೋಕೆ ಬರುತ್ತೆ ಮಾವ. ಚಿಲಕ ಹಾಕೋಕೆ ಬರಲ್ಲ."